ಡ್ರಮ್ಮಿನೊಳಗಿನ ಮಂಡಕ್ಕಿ

ಎಂ.ಸಿ.ಸಿ. ಬಡಾವಣೆಯೆಲ್ಲ ಉಂಡು ಮಲಗಿದ್ದ ಮಧ್ಯಾಹ್ನ, ಬಕ್ಕೇಶ ಮಹಡಿಯ ಕೋಣೆಯಲ್ಲಿ ಮೈಕು, ಟೇಪ್ ರೆಕಾರ್ಡರ್ ಮುಂದಿಟ್ಟುಕೊಂಡು ಡ್ರಮ್ ಬಾರಿಸಿ ರೆಕಾರ್ಡ್ ಮಾಡುತ್ತಿದ್ದ. ಹೆವಿ ಮೆಟಲ್ ಕ್ಯಾಸೆಟ್ಟುಗಳಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು 'ಟಕ್' ಎಂದು ಎದೆಗೆ ಮೊಳೆ ಹೊಡೆಯುತ್ತಿತ್ತು. ಹರಿಹರದ ಬ್ಯಾಂಡ್‌ಸೆಟ್‌ನವರಿಂದ ಕೊಂಡ ಇವನ ಹಳೆಯ ಡ್ರಮ್ಮೋ, ಇನ್ನೂ ಮದುವೆ ಮೆರವಣಿಗೆಯಲ್ಲೇ ಇದ್ದಂತೆ 'ಬುಂ' ಎನ್ನುತ್ತಿತ್ತು. ಒಳಗೆ ಕೌದಿ ತುರುಕಿದರೆ ಹಾಸಿಗೆ ಬಡಿದ ಹಾಗಾಯಿತು. ಕೊನೆಗೆ ರೋಸಿಹೋಗಿ, ಅಡುಗೆಮನೆಯಿಂದ ಕದ್ದು ತಂದ ಮಂಡಕ್ಕಿ ಚೀಲವನ್ನು ಡ್ರಮ್ಮಿನೊಳಗೆ ತೊಗಲಿಗೆ ತಾಗುವಂತೆ ಕಟ್ಟಿ ಒದ್ದ.

ಟಕ್!

ಕಣ್ಣು ತಾನಾಗಿ ಮುಚ್ಚಿತು. ಗೋಡೆಗಳು ಕರಗಿದವು. ತುಂಗಭದ್ರೆಯ ಮೇಲೆ ಕಬ್ಬಿಣದ ಕುದುರೆಗಳು ನೀರಿಗೆ ಗೊರಸು ತಾಗಿಸಿಯೂ ತಾಗಿಸದಂತೆ ಓಡಿದವು. ಒಂದೇ ಸಮನೆ ಡ್ರಮ್ ಒದೆಯುತ್ತ ಬಕ್ಕೇಶನೂ ಅವುಗಳ ಜೊತೆ ಓಡಿದ. ಎಷ್ಟೋ ಹೊತ್ತಿನ ಮೇಲೆ ಗೊರಸುಗಳು ಮರಳಿನಲ್ಲಿ ಹೂತಂತಾಗಿ ಎಚ್ಚರವಾಯಿತು. 'ಟಕ್' ಹೋಗಿ 'ದಪ್' ಬಂದಿತ್ತು. ಮೈಕನ್ನು ಬೈದ, ಟೇಪನ್ನು ಬೈದ, ಮತ್ತೆ ಒದ್ದ. ದಪ್.

ಆಗ ಕೆಳಗಿನಿಂದ ಅವ್ವ ಶಕುಂತಲಮ್ಮನ ದನಿ ಬಂತು. ಅವನು ಡ್ರಮ್ ಮುಟ್ಟಿದರೆ ಸಾಕು, ಎರಡು ವರ್ಷದಿಂದ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಅವ್ವ.

"ಬಕ್ಕೇಶಾ, ಆ ಮಂಡಕ್ಕಿ ಪುಡಿಯಾಗೈತೆ ಕಣೋ, ಇನ್ನು ಒದಿಬ್ಯಾಡ. ಇಲ್ಲಿ ಬ್ಯಾರೆ ಹುರಿದೀನಿ, ಗರಿಗರಿ ಐತೆ. ಬಂದು ತಗಂಡು ಹೋಗು."

ಅವನು ಮೆಟ್ಟಿಲಿಳಿದು ಬಂದ. ಹತ್ತಿಯ ಎರಡು ಉಂಡೆಗಳು ಒಲೆಯ ಪಕ್ಕದಲ್ಲಿದ್ದವು.