ಗಾಜಿನ ಎಳೆಗೆ ಕುಂಕುಮ

ಆಯುಧಪೂಜೆಯ ದಿನ ಭದ್ರಾವತಿಯ ಒಂದು ಕಬ್ಬಿಣ ಎರಕದ ಫೌಂಡ್ರಿಯಲ್ಲಿ ಕೆಲಸದ ಹುಡುಗ ಯೋಗರಾಜ ಕುಂಕುಮ ಹಚ್ಚದೆ ಬಿಟ್ಟ ವಸ್ತುವಿರಲಿಲ್ಲ. ಸುತ್ತಿಗೆ, ಸಲಾಕೆ, ಸ್ವಿಚ್ ಬೋರ್ಡು, ಕೊನೆಗೆ ಫರ್ನೆಸ್ಸಿನ ಹೊರಗೋಡೆಗೆ ಕೂರಿಸಿದ್ದ, ಬಿಸಿ ಅಳೆಯುವ ಗಾಜಿನ ಎಳೆಗೂ ಮುಚ್ಚಳ ತೆಗೆದು ಎಣ್ಣೆಗುಂಕುಮ ಬಳಿದ. ಪಾಪ, ಎಲ್ಲದಕ್ಕೂ ಹಚ್ಚಿ ಅದೊಂದನ್ನೇ ಬಿಡುವುದು ಹೇಗೆ?

ಆ ಎಳೆಯನ್ನು ಕೂರಿಸಿದವಳು ಶಿವಮೊಗ್ಗದ ಕಾಲೇಜಿನ ಲೆಕ್ಚರರ್ ಗಗನಾ. ಕರೆಂಟಿನ ಫರ್ನೆಸ್ಸಿನ ಪಕ್ಕ ತಂತಿಯ ಮೀಟರಿಗೆ ಹುಚ್ಚು ಹಿಡಿಯುತ್ತದೆ. ಗಾಜಿನೊಳಗಿನ ಬೆಳಕಿಗೆ ಹಿಡಿಯುವುದಿಲ್ಲ. ಎಳೆಯನ್ನು ಒಂದು ಕಡೆ ಹೆರೆದು ಗ್ರಾಫೀನ್ ಲೇಪ ಕೊಟ್ಟಿದ್ದಳು. ಪೆನ್ಸಿಲ್ಲಿನ ಕಪ್ಪೇ, ಆದರೆ ಒಂದೇ ಪರಮಾಣುವಿನಷ್ಟು ತೆಳ್ಳಗೆ. ಒಳಪದರ ಸವೆದು ಗೋಡೆ ಕಾದರೆ ಬೆಳಕು ಬದಲಾಗಿ ಪರದೆಯಲ್ಲಿ ಡಿಗ್ರಿ ಏರುತ್ತಿತ್ತು, ತೊಂಬತ್ತು ದಾಟಿದರೆ ಗಂಟೆ ಹೊಡೆಯುತ್ತಿತ್ತು. "ಇಲ್ಲಿ ಕೈ ತಾಗಿಸಬೇಡಿ" ಎಂದು ಹೇಳಿ ಹೋಗಿದ್ದಳು. ಯೋಗರಾಜ ಕೈ ತಾಗಿಸಿರಲಿಲ್ಲ, ವೀಳ್ಯದೆಲೆಯ ತುದಿಯಿಂದ ಹಚ್ಚಿದ್ದ.

ಹಬ್ಬ ಮುಗಿದು ಫರ್ನೆಸ್ ಮತ್ತೆ ಶುರುವಾದ ದಿನ ಮಧ್ಯಾಹ್ನ ಗಗನಾ ಬಂದಳು. ಪರದೆಯಲ್ಲಿ ಐವತ್ತೆಂಟು ಅಲುಗದೆ ನಿಂತಿತ್ತು. ಮುಚ್ಚಳ ತೆಗೆದು ಎಳೆ ನೋಡಿದವಳೇ ಕೂಗಿದಳು.

"ಯಾರ್ರೀ ಇದಕ್ಕೆ ಕುಂಕುಮ ಹಚ್ಚಿದ್ದು? ಎಣ್ಣೆ ಮೆತ್ತಿ ಬೆಳಕು ಕೆಟ್ಟು ಇದು ಸುಳ್ಳು ಹೇಳ್ತಿದೆ! ಫರ್ನೆಸ್ ಆಫ್ ಮಾಡಿ!"

ಯೋಗರಾಜನ ಬಾಯಿಗೆ ಬೀಗ ಬಿತ್ತು. ಪಕ್ಕದಲ್ಲೇ ಮೇಸ್ತ್ರಿ ಭೂತಪ್ಪ ನಿಂತಿದ್ದ. ಅಪ್ಪ ಸತ್ತ ಮೇಲೆ ಅನ್ನ ಹಾಕಿ ಸಾಕಿ ಈ ಕೆಲಸ ಕೊಡಿಸಿದ ಸೋದರಮಾವ. ಅವನ ಕಣ್ಣಲ್ಲಿ ಸಣ್ಣವನಾಗುವುದೆಂದರೆ ಯೋಗರಾಜನಿಗೆ ಸಾವೇ.

"ಹೋದ ವಾರ ಇದನ್ನೇ ನಂಬು ಅಂದ್ರಿ, ಇವತ್ತು ನಂಬಬೇಡ ಅಂತೀರ. ಏನ್ ಆಟನಾ ಮೇಡಂ? ಒಳಗೆ ಎಂಟ್ನೂರು ಕೆಜಿ ಕಬ್ಬಿಣ ಕುದೀತಿದೆ, ಆಫ್ ಮಾಡಿದ್ರೆ ಕಲ್ಲಾಗುತ್ತೆ" ಎಂದ ಭೂತಪ್ಪ, "ನನ್ನ ಕೈಗಿಂತ ಮೀಟರ್ ಬೇಕಾ?" ಎನ್ನುತ್ತಲೇ ಅಂಗೈಯನ್ನು ಗೋಡೆಗೆ ಊರಿದ.

ಚುರ್ ಎಂದಿತು. ಕಿತ್ತುಕೊಂಡಾಗ ಅಂಗೈಯ ಚರ್ಮ ಗೋಡೆಯಲ್ಲೇ ಉಳಿಯಿತು. ಆದರೂ ಹಠ ಸುಡಲಿಲ್ಲ ನೋಡಿ! ನೋವಿಗೆ ಹುಚ್ಚೆದ್ದ ಮನುಷ್ಯ ಎಡಗೈಯಲ್ಲಿ ಸಲಾಕೆ ಎತ್ತಿಕೊಂಡು ಸ್ವಿಚ್ಚಿಗೆ ಅಡ್ಡ ನಿಂತ. "ಹತ್ರ ಬಂದ್ರೆ ತಲೆ ಒಡೀತೀನಿ!"

ಗಗನಾ ಕೂಗಿ ಕೂಗಿ ಉಳಿದವರನ್ನೆಲ್ಲ ಹೊರಗೆ ಓಡಿಸಿದಳು. ಯೋಗರಾಜ ಮುಂದೆ ಬಂದ. ಮೊದಲ ಏಟು ಅವನ ಭುಜಕ್ಕೆ ಬಿತ್ತು, ಎರಡನೆಯದು ಕಿವಿ ಹರಿಯಿತು. ಮೂರನೆಯದಕ್ಕೆ ಅವನು ಸಲಾಕೆಯನ್ನೇ ಕಿತ್ತುಕೊಂಡು, ತನ್ನನ್ನು ಹೊತ್ತು ತಿರುಗಿದ್ದ ಮಾವನ ಮೊಣಕಾಲಿಗೆ ಬೀಸಿದ. ಮೂಳೆ ಮುರಿದ ಸದ್ದು ಅವನಿಗೆ ಕೇಳಿಸಿತು. ಸ್ವಿಚ್ ಇಳಿಸಿ, ಕಾಲರ್ ಹಿಡಿದು, ಅರಚುತ್ತಿದ್ದ ಮಾವನನ್ನು ದರದರ ಎಳೆದ.

ಬಾಗಿಲು ದಾಟುವಷ್ಟರಲ್ಲಿ ಗೋಡೆ ಬಿರಿಯಿತು. ಕಬ್ಬಿಣ ಭೂತಪ್ಪ ನಿಂತಿದ್ದ ಜಾಗದ ಮೇಲೆ ಹರಿದು ನೀರಿನ ಪೈಪಿಗೆ ತಾಗಿ ಸಿಡಿಯಿತು. ಚಾವಣಿಯ ತಗಡುಗಳು ಹಾರಿ ರಸ್ತೆಗೆ ಬಿದ್ದವು.

ಅಂಗಳದಲ್ಲಿ ಮಾವನ ತಲೆ ಯೋಗರಾಜನ ತೊಡೆಯ ಮೇಲಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮಾವ, ಕುಂಕುಮ ಹಚ್ಚಿದ್ದು ನಾನೇ. ಆಗ್ಲೇ ಬಾಯಿ ಬಿಟ್ಟಿದ್ರೆ ನೀನು ಕೈ ಇಡ್ತಿರ್ಲಿಲ್ಲ."

ಭೂತಪ್ಪ ಸುಟ್ಟ ಕೈಯಿಂದಲೇ ಕೆನ್ನೆಗೆ ಬಾರಿಸಿದ. ಹೊಡೆದವನೇ ಪ್ರಾಣ ಹೋಗುವಂತೆ ಕಿರುಚಿದ.

ಯೋಗರಾಜ ಇನ್ನೊಂದು ಕೆನ್ನೆ ತಿರುಗಿಸಿ, "ಆ ಕೈ ಬೇಡ ಮಾವ," ಎಂದು ಅತ್ತ, "ಎಡಗೈಲಿ ಹೊಡಿ."