ಒಬ್ಬರು ಇಳಿಯಬೇಕು

ಪೈಲಟ್ ತರಬೇತಿ ಮುಗಿಸಿದ್ದ ಮಚ್ಛೇಂದ್ರನಿಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂತು. ಒಂದು, ಬೆಂಗಳೂರಿನಿಂದ ಸರಕು ಸಾಗಿಸುವ ದೊಡ್ಡ ಜೆಟ್ ವಿಮಾನಗಳ ಕಂಪನಿ. ಇನ್ನೊಂದು, ಸಣ್ಣ ಊರುಗಳಿಗೆ ಪ್ರಯಾಣಿಕರನ್ನು ಒಯ್ಯುವ, ಪ್ರೊಪೆಲ್ಲರ್ ಪಂಖದ ವಿಮಾನಗಳ ಕಂಪನಿ. ಅದರದೊಂದು ವಿಮಾನ ವಾರಕ್ಕೆ ಕೆಲವು ದಿನ ಬೀದರಕ್ಕೂ ಬರುತ್ತಿತ್ತು.

ಅವನ ಮನಸ್ಸು ಸರಕಿನ ಕಡೆಗಿತ್ತು. ಜೆಟ್ ಹಾರಿಸಿದ ಅನುಭವ ಸಿಕ್ಕರೆ ಮುಂದೆ ಯಾವ ಬಾಗಿಲಾದರೂ ತೆರೆಯುತ್ತದೆ ಎಂದು ಕಲಿಸಿದವರೆಲ್ಲ ಹೇಳಿದ್ದರು. ಠಾಣಾ ಕುಶನೂರಿನ ಮನೆಗೆ ಬಂದು ಅದನ್ನೇ ಹೇಳಿದ. ತಂದೆ ಪಂಢರಿ ಔರಾದದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಮೊದಲು ಅವರೇನೂ ಬೇಡವೆನ್ನಲಿಲ್ಲ. ಬೇಡವೆಂದದ್ದು ಭಾಲ್ಕಿಯ ಒಂದು ಮದುವೆ ಊಟ ಮುಗಿದ ಮೇಲೆ.

ಆ ಮದುವೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಬೀಜ-ಗೊಬ್ಬರದ ವ್ಯಾಪಾರಿ ಹಾವಗೆಪ್ಪ. ಪಂಢರಿ ಮಗನ ಸುದ್ದಿಯನ್ನು ಸಂಭ್ರಮದಿಂದ ಹೇಳಿದರು. ಹಾವಗೆಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಸಾಮಾನು ಹೊರೂದಕ್ಕ ಇಷ್ಟೆಲ್ಲ ಓದ್ಬೇಕೇನ್ರಿ ಮಾಸ್ತರ?" ಅಂದ. ಆಮೇಲೆ ನಗುತ್ತಲೇ, "ಇರ್ಲಿ ಬಿಡ್ರಿ. ಹೊರೂದು ನಿಮ್ಮ ಮಂದಿಗೇನು ಹೊಸದಲ್ಲ" ಅಂದ. ಸುತ್ತ ಕೂತವರಲ್ಲಿ ಇಬ್ಬರು ನಕ್ಕರು. ಉಳಿದವರು ಕೇಳಿಸದವರಂತೆ ಕೈತೊಳೆಯಲು ಎದ್ದರು.

ಪಂಢರಿ ಅಂದು ಮನೆಗೆ ಬಂದು ಅಂಗಿ ಕಳಚುವ ಮೊದಲೇ ಮಗನನ್ನು ಕರೆದರು.

"ಮಂದಿನ್ನ ಒಯ್ಯೋ ಕಂಪನಿಗೆ ಹೋಗು."

"ಬಾಬಾ, ಅದು ಸಣ್ಣ ವಿಮಾನ. ಕಂಪನಿನೂ ಎಷ್ಟು ದಿನ ನಡೀತದ ಗೊತ್ತಿಲ್ಲ."

"ನಾ ಕೇಳಿದ್ದು ಅದಲ್ಲ. ಬೀದರದಾಗ ನೀ ವಿಮಾನ ಇಳಿಸ್ಬೇಕು. ಆ ಹಾವಗೆಪ್ಪನಂಥವರೆಲ್ಲ ಟಿಕೆಟ್ ತಕೊಂಡು ನಿನ್ನ ಹಿಂದ ಕೂಡ್ಬೇಕು."

ತಾಯಿ ಜಿಜಾಬಾಯಿ ಒಳಗಿನಿಂದ, "ಅವನಿಗಿ ಬೇಕಾದ್ದು ಅವ ಮಾಡ್ಲಿ ಬಿಡ್ರಿ" ಎಂದಳು. "ನಿನಗೇನು ತಿಳೀತದ" ಎಂದು ಪಂಢರಿ ಬಾಯಿ ಮುಚ್ಚಿಸಿದರು. ಮಚ್ಛೇಂದ್ರ ನಾಲ್ಕು ದಿನ ಮುಖ ಊದಿಸಿಕೊಂಡು ತಿರುಗಾಡಿದ, ಐದನೆಯ ದಿನ ಪ್ರಯಾಣಿಕರ ಕಂಪನಿಗೆ ಒಪ್ಪಿಗೆ ಬರೆದ.

ಆ ವರ್ಷ ಮಳೆ ಕೈಕೊಟ್ಟಿತು. ತೊಗರಿ ಹೂವಿನಲ್ಲೇ ಒಣಗಿತು. ದೀಪಾವಳಿ ಕಳೆಯುವಷ್ಟರಲ್ಲಿ ಊರಿನ ಅರ್ಧ ಮನೆಗಳಿಗೆ ಬೀಗ ಬಿದ್ದು, ಜನ ಹೈದರಾಬಾದಿಗೂ ಪುಣೆಗೂ ಗಂಟು ಕಟ್ಟಿದರು. ಕೋ-ಪೈಲಟ್ ಸೀಟಿನಿಂದ ಮಚ್ಛೇಂದ್ರನಿಗೆ ಕಾರಂಜಾ ಜಲಾಶಯದ ಬಿರುಕುಬಿಟ್ಟ ತಳ ಕಾಣುತ್ತಿತ್ತು. ಅವನ ವಿಮಾನದಲ್ಲಿ ಬರುವವರು ಗುತ್ತಿಗೆದಾರರು, ಅಧಿಕಾರಿಗಳು, ವ್ಯಾಪಾರಿಗಳು. ಅವನ ಓಣಿಯವರು ಔರಾದದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಜಿಜಾಬಾಯಿಗೆ ಬಲಗಣ್ಣಿನ ಮುಂದೆ ಕರಿ ಪರದೆ ಇಳಿದಂತಾಯಿತು. ಬೀದರದ ಕಣ್ಣಿನ ಡಾಕ್ಟರು ನೋಡಿ, ಒಳಗಿನ ರೆಟಿನಾ ಪೊರೆ ಕಳಚಿಕೊಂಡಿದೆ, ತಡಮಾಡದೆ ಹೈದರಾಬಾದಿಗೆ ಒಯ್ದು ಆಪರೇಷನ್ ಮಾಡಿಸಿ ಎಂದರು. ಜಿಜಾಬಾಯಿ ಅಲ್ಲಿಂದಲೇ ಬಸ್ ಹತ್ತಲು ತಯಾರಿದ್ದಳು.

ಪಂಢರಿ ತಯಾರಿರಲಿಲ್ಲ. ಹಾವಗೆಪ್ಪ ಬರುವ ಶುಕ್ರವಾರ ಬೆಂಗಳೂರಿಗೆ ವಿಮಾನದಲ್ಲಿ ಹೋಗುತ್ತಾನೆಂದು ಅವರಿಗೆ ಗೊತ್ತಾಗಿತ್ತು. ಅಂದಿನ ವಿಮಾನಕ್ಕೆ ಮಚ್ಛೇಂದ್ರನೇ ಕೋ-ಪೈಲಟ್.

"ಬೆಂಗಳೂರಾಗ ಇದಕಿಂತ ದೊಡ್ಡ ದವಾಖಾನಿ ಅವ" ಎಂದರು. "ಮಗನ ವಿಮಾನದಾಗ ಹೋಗಾಣು."

"ಇವತ್ತು ಮಂಗಳವಾರರಿ. ಡಾಕ್ಟರು ತಡ ಮಾಡಬ್ಯಾಡ ಅಂದಾರ."

"ಮೂರು ದಿನದಾಗ ಕಣ್ಣು ಎಲ್ಲಿಗಿ ಓಡಿ ಹೋಗ್ತದ?"

ಮಗನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ನಿನ್ನ ತಾಯಿಯ ಕಣ್ಣು ತೋರಿಸಬೇಕು, ಶುಕ್ರವಾರ ಬರುತ್ತೇವೆ. ಮಚ್ಛೇಂದ್ರ ಸಿಬ್ಬಂದಿಯ ಮನೆಯವರಿಗೆ ಕೊಡುವ ಟಿಕೆಟ್ ಎರಡು ಮಾಡಿಸಿದ.

ಶುಕ್ರವಾರ ಮಧ್ಯಾಹ್ನ ವಾಯುಸೇನೆಗೆ ಸೇರಿದ ಬೀದರದ ರನ್‌ವೇ ಕಾದ ಹಂಚಿನಂತಿತ್ತು. ಪಂಢರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತರು. ಕಿಟಕಿಯ ಬದಿಗೆ ಜಿಜಾಬಾಯಿ, ಕಣ್ಣಿಗೆ ಸೆರಗು ಒತ್ತಿಕೊಂಡು. ಎರಡು ಸಾಲು ಹಿಂದೆ ಹಾವಗೆಪ್ಪ. ಎಲ್ಲರೂ ಕೂತ ಮೇಲೆ ಬೆಂಗಳೂರಿನಿಂದ ಸುದ್ದಿ ಬಂತು: ಅಲ್ಲಿ ಗುಡುಗು ಮೋಡ, ಇಳಿಯಲು ಕಾಯಬೇಕಾದೀತು. ಇಂಧನ ಹೆಚ್ಚಿಗೆ ತುಂಬಿಸಬೇಕಾಯಿತು. ಅಂಥ ಬಿಸಿಲಿನಲ್ಲಿ ವಿಮಾನ ಏರಬಲ್ಲ ತೂಕಕ್ಕೆ ಮಿತಿಯಿತ್ತು.

ಲೆಕ್ಕ ಹಾಕಿದವನು ಮಚ್ಛೇಂದ್ರನೇ. "ಒಬ್ಬರು ಇಳಿಯಬೇಕು ಸರ್."

"ಸ್ಟಾಫ್ ಟಿಕೆಟ್ ಯಾರದಾದರೂ ಇದೆಯಾ?" ಕ್ಯಾಪ್ಟನ್ ಕೇಳಿದರು. ನಿಯಮದ ಪ್ರಕಾರ ಮೊದಲು ಇಳಿಯಬೇಕಾದವರು ಅಂಥ ಟಿಕೆಟ್ಟಿನವರೇ.

"ನಮ್ಮ ತಂದೆ ತಾಯಿ ಸರ್. ತಾಯಿಯ ಕಣ್ಣು ಆಸ್ಪತ್ರೆಯಲ್ಲಿ ತೋರಿಸಬೇಕು."

"ಹಾಗಾದರೆ ತಂದೆ ಇಳಿಯಲಿ."

ಮಚ್ಛೇಂದ್ರನಿಗೂ ಹಾಗೇ ಅನ್ನಿಸಿತು. ನೆಲದ ಸಿಬ್ಬಂದಿ ಫಕ್ರೋದ್ದೀನನಿಗೆ ತಿಳಿಸಿ, ಕಾಕ್‌ಪಿಟ್ಟಿನ ಬಾಗಿಲು ಮುಚ್ಚಿಕೊಂಡು ತನ್ನ ಕೆಲಸಕ್ಕೆ ಕೂತ. ಎದ್ದು ಹೋಗಿ ತಾನೇ ಹೇಳಬಹುದಿತ್ತು. ಹೋಗಲಿಲ್ಲ.

ಫಕ್ರೋದ್ದೀನ ಪಂಢರಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದ. "ಸಾಹೇಬ್ರ, ವಜನ್ ಜಾಸ್ತಿ ಆಗ್ಯಾದ್ರಿ. ನಿಮ್ಮಿಬ್ಬರಾಗ ಒಬ್ಬರು ಇಳೀಬೇಕು. ಅಮ್ಮಾರು ದವಾಖಾನಿಗಿ ಹೊಂಟಾರಂತ, ನೀವು..."

ಪಂಢರಿ ಹಿಂದೆ ತಿರುಗಿ ನೋಡಲಿಲ್ಲ. ಎಲ್ಲರೆದುರು ಎದ್ದು, ಚೀಲ ಹಿಡಿದು, ಹಾವಗೆಪ್ಪನ ಕಣ್ಣೆದುರೇ ಮೆಟ್ಟಿಲು ಇಳಿಯುವುದು ಅವರಿಂದ ಆಗಲಿಲ್ಲ.

"ನೀ ಇಳಿ" ಎಂದರು ಹೆಂಡತಿಗೆ.

"ನಾ?"

"ಸೋಮವಾರ ಇನ್ನೊಂದು ವಿಮಾನ ಅದ. ಅದರಾಗ ಬಾ. ನಾ ಮುಂದ ಹೋಗಿ ದವಾಖಾನಿ ಗೊತ್ತು ಮಾಡಿ ಇಡ್ತೇನಿ."

"ನನಗ ಸರಿ ಕಾಣ್ಲತಿಲ್ಲರಿ. ಒಬ್ಬಕಿ ಹ್ಯಾಂಗ ಹೋಗ್ಲಿ?"

"ಏಳು. ಮಂದಿ ನೋಡ್ಲತಾರ."

ಜಿಜಾಬಾಯಿ ಎದ್ದಳು.

ಮಚ್ಛೇಂದ್ರ ಬದಿಯ ಕಿಟಕಿಯಿಂದ ಹೊರಗೆ ನೋಡಿದಾಗ ಬಿಸಿಲಿನಲ್ಲಿ ಒಬ್ಬ ಹೆಂಗಸು ನಡೆಯುತ್ತಿದ್ದಳು. ಫಕ್ರೋದ್ದೀನ ಅವಳ ಮೊಳಕೈ ಹಿಡಿದಿದ್ದ. ಹಸಿರು ಸೀರೆಯನ್ನು ಗುರುತಿಸಲು ಅವನಿಗೆ ಒಂದು ಕ್ಷಣ ಬೇಕಾಯಿತು.

"ಸರ್, ನಮ್ಮ ತಾಯಿ ಇಳಿದುಬಿಟ್ಟಿದ್ದಾರೆ. ಎರಡು ನಿಮಿಷ ಕೊಡಿ."

"ವಾಯುಸೇನೆಯವರು ನಮಗೆ ಕೊಟ್ಟ ಸಮಯ ಮುಗೀತಾ ಬಂತು. ಬಾಗಿಲು ಹಾಕಿಯಾಯಿತು" ಎಂದರು ಕ್ಯಾಪ್ಟನ್. "ಮನೆಯವರು ತಾವೇ ತೀರ್ಮಾನ ಮಾಡಿಕೊಂಡಿದ್ದಾರೆ. ಚೆಕ್‌ಲಿಸ್ಟ್ ಓದು."

ಮಚ್ಛೇಂದ್ರ ಓದಿದ. ಅವನ ಧ್ವನಿ ಎಲ್ಲಿಯೂ ತಪ್ಪಲಿಲ್ಲ.

ಬೆಂಗಳೂರಿನಲ್ಲಿ ಇಳಿದ ಕೂಡಲೇ ಅವನು ಭಾಲ್ಕಿಯಲ್ಲಿದ್ದ ಸೋದರಮಾವನ ಮಗ ಮಾಣಿಕನಿಗೆ ಫೋನ್ ಮಾಡಿದ. ಜಿಜಾಬಾಯಿ ವಿಮಾನ ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಳು. ದುಡ್ಡು, ಡಾಕ್ಟರ ಚೀಟಿ ಎಲ್ಲವೂ ಗಂಡನ ಚೀಲದಲ್ಲೇ ಹೋಗಿದ್ದವು. ಮಾಣಿಕ ಜೀಪು ಮಾಡಿಕೊಂಡು ಬಂದು ಅಂದೇ ಸಂಜೆ ಅವಳನ್ನು ಹೈದರಾಬಾದಿಗೆ ಒಯ್ದ. ಆಪರೇಷನ್ನೂ ಆಯಿತು. ನೋಟದ ನಟ್ಟನಡುವಿನ ಭಾಗ ಆಗಲೇ ಹೋಗಿಬಿಟ್ಟಿತ್ತು, ಮಂಗಳವಾರವೇ ಬಂದಿದ್ದರೆ ಉಳಿಯುತ್ತಿತ್ತು ಎಂದರು ಅಲ್ಲಿಯ ಡಾಕ್ಟರು. ಆ ಕಣ್ಣಿಗೆ ಬೆಳಕು ಕತ್ತಲು ಬಿಟ್ಟರೆ ಮತ್ತೇನೂ ತಿಳಿಯಲಿಲ್ಲ.

ತಿಂಗಳಾದ ಮೇಲೆ ಮಚ್ಛೇಂದ್ರ ಊರಿಗೆ ಬಂದ. ಸರಕಿನ ಕಂಪನಿಯನ್ನು ಮತ್ತೆ ಕೇಳಿದ್ದ. ಹಿಂದಿಗಿಂತ ಕೆಳಗಿನ ದರ್ಜೆಯಲ್ಲಿ ತೆಗೆದುಕೊಳ್ಳಲು ಅವರು ಒಪ್ಪಿದ್ದರು. ಹೋಗುತ್ತಿದ್ದೇನೆ ಎಂದ.

"ಮಂದಿ ನಗ್ತಾರ" ಎಂದರು ಪಂಢರಿ.

"ನಗ್ಲಿ. ಡಬ್ಬಿ ಇಳಿಸಿದ್ರ ಅದು ಬಿಸಿಲಾಗ ಎಡವಿಕೋತ ನಡೆಂಗಿಲ್ಲ." ಮಚ್ಛೇಂದ್ರ ತಂದೆಯ ಕಡೆ ತಿರುಗಿದ. "ಒಂದು ಹೇಳ್ರಿ ಬಾಬಾ. ಆಯಿನ್ನ ಇಳಿಸಿದಾಗ ಹಾವಗೆಪ್ಪ ಏನಂದ?"

ಉತ್ತರ ಕೊಟ್ಟವಳು ಜಿಜಾಬಾಯಿ. ಅವಳು ಜೋಳ ಹಸನು ಮಾಡುತ್ತಿದ್ದಳು. ಒಂದೇ ಕಣ್ಣಿಗೆ ಸಣ್ಣ ಕಲ್ಲು ಸರಿಯಾಗಿ ಕಾಣದೆ ಬೆರಳಿನಿಂದ ಮುಟ್ಟಿ ಹುಡುಕುತ್ತಿದ್ದಳು.

"ಅವ ಏನಂತಾನ? ಬಾಯಿ ತೆರಕೊಂಡು ಮಲಗಿದ್ದ. ನಾ ಅವನ ಬಾಜೂದಿಂದೇ ಹಿಂದಿನ ಬಾಗಿಲಿಗಿ ಹೋದೆ. ಎಚ್ಚರಾಗ್ಲಿಲ್ಲ."

ಪಂಢರಿ ಎದ್ದು ಹೊರಗೆ ಹೋದರು. ಮಚ್ಛೇಂದ್ರ ತಾಯಿಯ ಪಕ್ಕ ಕೂತು, ನನ್ನ ಜೋಡಿ ಬೆಂಗಳೂರಿಗೆ ಬಂದುಬಿಡು ಎಂದ.

"ನಿನಗ ಅವತ್ತು ಕಿಟಕ್ಯಾಗಿಂದ ನಾ ಕಂಡೆನೇನೋ?" ಎಂದು ಅವಳು ಕೇಳಿದಳು.

"ಕಂಡಿ."

"ನಾನೂ ಮ್ಯಾಲ ನೋಡಿದೆ. ನೀ ತಲಿ ಬಗ್ಗಿಸಿ ಏನೋ ಓದ್ಲತಿದ್ದಿ." ಅವಳು ಮೊರವನ್ನು ಮೊಣಕಾಲಿಗೆ ಎಳೆದುಕೊಂಡಳು. "ನಾ ಬರಂಗಿಲ್ಲ. ನೀ ಹೋಗು, ಬಸ್ ತಪ್ತದ."