ಎಡಗೈ ಬ್ರೇಕು

ಚನ್ನರಾಯಪಟ್ಟಣದ ಪೇಟೆಬೀದಿಯ ಹಿಂದಿರುವ ಪದ್ಮರಾಜಯ್ಯನವರ ಸೈಕಲ್ ಅಂಗಡಿಯಲ್ಲಿ ಒಂದು ಕಟ್ಟುಪಾಡಿದೆ. ಗಿರಾಕಿ ಯಾರೇ ಆಗಲಿ, ತಹಸೀಲ್ದಾರರ ಮಗನೇ ಬರಲಿ, ಸೈಕಲ್ ಆರಿಸಿದ ಮೇಲೆ ಬೀದಿ ಕೊನೆಯ ಗಣಪತಿ ಗುಡಿಯವರೆಗೆ ಓಡಿಸಿಕೊಂಡು ಹೋಗಬೇಕು, ಎರಡೂ ಬ್ರೇಕು ಒತ್ತಿ ನೋಡಬೇಕು, ವಾಪಸು ಬಂದು ‘ಸರಿಯಿದೆ’ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಸೈಕಲ್ ಅಂಗಡಿಯ ಮೆಟ್ಟಿಲು ಇಳಿಯುವ ಹಾಗಿಲ್ಲ. ನಲವತ್ತು ವರ್ಷದಿಂದ ನಡೆದುಬಂದದ್ದು. ಮಂಡಿನೋವು ಬಂದು ಪದ್ಮರಾಜಯ್ಯನವರು ಮನೆ ಹಿಡಿದ ಮೇಲೆ ಮಗಳು ಸಮತಾ ಅಂಗಡಿಯನ್ನೂ ನೋಡಿಕೊಂಡಳು, ಕಟ್ಟುಪಾಡನ್ನೂ ನೋಡಿಕೊಂಡಳು. ಎರಡು ವರ್ಷದಲ್ಲಿ ಒಂದೇ ಒಂದು ಸಂಜೆ ಅದನ್ನು ಬಿಟ್ಟಳು ನೋಡಿ, ಅವತ್ತೇ ಎಡವಟ್ಟಾಯಿತು.

ಅವತ್ತಿನ ಗಿರಾಕಿ ವೇದವತಿ ಮೇಡಂ. ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವರು, ವಯಸ್ಸು ನಲವತ್ತೇಳು. ಆರು ತಿಂಗಳಿಂದ ಭಾನುವಾರದ ಸೈಕಲ್ ಗುಂಪಿನ ಜೊತೆ ಕೆರೆ ಏರಿ, ತೋಟದ ದಾರಿ ಸುತ್ತಿ ರುಚಿ ಹತ್ತಿಸಿಕೊಂಡಿದ್ದರು. ಈಗ ಅವರಿಗೆ ಗುಡ್ಡ ಬೇಕಿತ್ತು. ಅಂಗಡಿಯಲ್ಲಿದ್ದ ಸೈಕಲ್ಲುಗಳನ್ನೆಲ್ಲ ಪರೀಕ್ಷೆ ಪೇಪರು ತಿದ್ದುವವರ ಹಾಗೆ ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದರು.

‘ನಿಮಗೆ ಹತ್ತೋದು ಇಷ್ಟಾನಾ ಮೇಡಂ, ಇಳಿಯೋದಾ?’ ಸಮತಾ ಕೇಳಿದಳು. ಸೈಕಲ್ ಆರಿಸುವವರಿಗೆ ಅವಳು ಕೇಳುವ ಮೊದಲ ಪ್ರಶ್ನೆಯೇ ಅದು.

‘ಹತ್ತೋದು ಯಾರಿಗೆ ಇಷ್ಟ ಆಗುತ್ತಮ್ಮಾ? ಇಳಿಯೋಕೆ ಅಂತಲೇ ಅಲ್ವಾ ಹತ್ತೋದು!’

‘ಹಾಗಾದ್ರೆ ಮುಂದೆ ಮಾತ್ರ ಸಸ್ಪೆನ್ಷನ್ ಇರೋದು ಬೇಡ. ಕಲ್ಲಿನ ಮೇಲೆ ಇಳಿಯುವಾಗ ಬೆನ್ನು ಮುರಿಯುತ್ತೆ. ಬರೀ ಇಳಿಯೋಕೆ ಅಂತ ಮಾಡಿರೋದೂ ಬೇಡ, ಹತ್ತುವಾಗ ಪ್ರಾಣ ತೆಗೆಯುತ್ತೆ. ಎರಡಕ್ಕೂ ಆಗೋದು ಬೇಕು. ಆಲ್ ಮೌಂಟೇನ್ ಅಂತಾರೆ.’

ಅಂಥದ್ದು ಅಂಗಡಿಯಲ್ಲಿ ಒಂದೇ ಇತ್ತು. ಶ್ರವಣಬೆಳಗೊಳಕ್ಕೆ ಸೈಕಲ್ಲಿನಲ್ಲೇ ಬಂದಿದ್ದ ಫ್ರಾನ್ಸಿನ ಹೆಂಗಸೊಬ್ಬಳು ಊರಿಗೆ ಹೊರಡುವ ಮುಂಚೆ ಅದನ್ನು ಸಮತಾಗೆ ಮಾರಿ ಹೋಗಿದ್ದಳು. ಆಕೆ ಕುಳ್ಳಿ, ಆದ್ದರಿಂದ ಸೈಕಲ್ಲೂ ಚಿಕ್ಕ ಅಳತೆಯದು. ವೇದವತಿ ಹತ್ತಿ ಕೂತರೆ ಅವರಿಗೆಂದೇ ಅಳೆದು ಮಾಡಿಸಿದಂತಿತ್ತು. ನಿಜ ಹೇಳಬೇಕೆಂದರೆ ಸಮತಾಗೆ ಅದನ್ನು ಕೊಡಲು ಮನಸ್ಸಿರಲಿಲ್ಲ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಅದರಲ್ಲೇ ಗುಡ್ಡ ಸುತ್ತಿದ್ದಳು.

‘ಇಪ್ಪತ್ತೆರಡು ವರ್ಷ ಸ್ಕೂಟರ್ ಓಡಿಸಿದೀನಿ ಕಣಮ್ಮಾ, ಒಂದ್ಸಲಾನೂ ಬಿದ್ದಿಲ್ಲ,’ ಎಂದರು ವೇದವತಿ. ‘ಯಾಕೆ ಹೇಳು? ನಾನು ಎಡಗೈ ಬ್ರೇಕ್ ಒಂದೇ ಹಿಡಿಯೋದು. ಹಿಂದಿನ ಚಕ್ರ ನಿಂತ್ರೆ ಗಾಡಿ ನಿಂತ ಹಾಗೆ. ಬಲಗೈದು ಮುಟ್ಟೋದೇ ಇಲ್ಲ. ಅದು ಮುಗ್ಗರಿಸಿ ಬೀಳಿಸುತ್ತೆ.’

ಸಮತಾ ನಕ್ಕಳು. ‘ನಿಧಾನಕ್ಕೆ ಎರಡೂ ಕಲೀರಿ ಮೇಡಂ.’

ಅಷ್ಟರಲ್ಲಿ ಫೋನು ಬಂತು. ಅಮ್ಮ ಪದ್ಮಾವತಮ್ಮ. ‘ಹೊತ್ತು ಮುಳುಗ್ತಾ ಇದೆ ಕಣೇ, ಊಟಕ್ಕೆ ಬರ್ತೀಯೋ ಇಲ್ವೋ?’ ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಯಾರೂ ತುತ್ತು ಮುಟ್ಟುವುದಿಲ್ಲ. ಕಾರ್ತಿಕದ ಹೊತ್ತು ಬೇರೆ, ಆರಕ್ಕೆ ಮುಂಚೆಯೇ ಕತ್ತಲು. ಸಮತಾ ಬೀದಿ ಕೊನೆಯ ಗುಡಿ ನೋಡಿದಳು, ಆಕಾಶ ನೋಡಿದಳು. ವೇದವತಿ ತಮ್ಮನ ಕಾರು ತಂದಿದ್ದರು. ಚಕ್ರ ಬಿಚ್ಚಿ, ಸೈಕಲ್ಲನ್ನು ಹಿಂದಿನ ಸೀಟಿಗೆ ತುರುಕಿ, ಷಟರ್ ಎಳೆದು, ಮನೆಗೆ ಓಡಿದಳು. ಗುಡಿಯವರೆಗಿನ ಸುತ್ತು ಆಗಲಿಲ್ಲ. ‘ಸರಿಯಿದೆ’ ಅಂತ ಯಾರೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಏಳೂಕಾಲಕ್ಕೆ ವೇದವತಿಯವರ ಸಂದೇಶ ಬಂತು. ಸೈಕಲ್ಲಿನ ಚಿತ್ರ, ಕೆಳಗೆ ಎರಡು ಸಾಲು: ‘ಕೋಡಿಬಂಡೆ ಗುಡ್ಡದ ಬುಡ. ಹತ್ತಲು ಶುರು.’ ಆ ಗುಡ್ಡದ ದಾರಿ ಹೇಳಿಕೊಟ್ಟವಳೂ ಸಮತಾಳೇ. ಪಡುವಣ ಕಡೆಯಿಂದ ಗಾಡಿದಾರಿಯಲ್ಲಿ ಒಂದು ಗಂಟೆ ಹತ್ತಬೇಕು. ಮೂಡಣ ಕಡೆ ಇಳಿಯಬೇಕು. ಇಳಿಜಾರಿನ ಅರ್ಧದಲ್ಲಿ ಆನೆಬೆನ್ನು ಅನ್ನುವ ಬೋಳು ಬಂಡೆ ಇದೆ, ಎರಡಾಳು ಎತ್ತರ ಜಾರಿದರೆ ಕೆಳಗೆ ಕಲ್ಲಿನ ರಾಶಿ. ಬ್ರೇಕನ್ನು ಹದವಾಗಿ ಹಿಡಿದರೆ ಕಷ್ಟವೇನಿಲ್ಲ.

ಸಮತಾ ಸಂತೋಷಪಟ್ಟು, ಹಾಲು ತರಲು ತನ್ನ ಹಳೇ ಸೈಕಲ್ಲನ್ನು ಹೊರಗೆ ತೆಗೆದಳು. ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂತು, ಬ್ರೇಕು ಹಿಡಿದಳು. ಹಿಂದಿನ ಚಕ್ರ ಗಾಳಿಗೆದ್ದು ಅವಳ ಎದೆ ಹ್ಯಾಂಡಲ್ಲಿಗೆ ಬಡಿಯಿತು. ಹೇಗೋ ಕಾಲು ಕೊಟ್ಟು ನಿಂತಳು. ಬಲಗೈ ನೋಡಿಕೊಂಡಳು. ಹಿಂದಿನ ಬ್ರೇಕು ಹಿಡಿಯೋಣವೆಂದು ಬಲಗೈ ಒತ್ತಿದ್ದಳು. ನಮ್ಮ ದೇಶದ ಸೈಕಲ್ಲಿನಲ್ಲಿ ಬಲಗೈ ಮುಂದಿನದು, ಎಡಗೈ ಹಿಂದಿನದು. ಇದು ಗೊತ್ತಿಲ್ಲದವಳೇ ಅವಳು? ಮತ್ತೆ ಕೈ ಯಾಕೆ ಹೀಗೆ ಮಾಡಿತು?

ಆಮೇಲೆ ಹೊಳೆಯಿತು.

ಫ್ರಾನ್ಸಿನ ಸೈಕಲ್ಲಿನಲ್ಲಿ ಎಲ್ಲ ತಿರುಗುಮುರುಗು. ಎಡಗೈ ಮುಂದಿನದು, ಬಲಗೈ ಹಿಂದಿನದು. ಎಣ್ಣೆ ಬ್ರೇಕು, ಪೈಪು ಬಿಚ್ಚಿ ಎಣ್ಣೆ ಇಳಿಸಿ ತುಂಬಬೇಕು, ಮಾರುವ ಮುಂಚೆ ಬದಲಾಯಿಸಿದರಾಯಿತು ಅಂತ ಬಿಟ್ಟಿದ್ದಳು. ತಿಂಗಳು ಓಡಿಸಿ ಓಡಿಸಿ ಅವಳ ಕೈ ಅದಕ್ಕೇ ಒಗ್ಗಿಹೋಯಿತು. ಒಗ್ಗಿದ್ದರಿಂದಲೇ ಮರೆತೂಹೋಯಿತು. ಗುಡಿಯವರೆಗೆ ಒಂದು ಸುತ್ತು ಕಳಿಸಿದ್ದರೆ ವೇದವತಿ ಅಲ್ಲೇ ‘ಇದೇನಮ್ಮಾ ಹೀಗೆ’ ಅನ್ನುತ್ತಿದ್ದರು. ಹತ್ತುವಾಗ ಬ್ರೇಕು ಬೇಕಾಗುವುದಿಲ್ಲ. ಅವರು ಅದನ್ನು ಮೊದಲ ಸಲ ಗಟ್ಟಿಯಾಗಿ ಒತ್ತುವುದು ಆನೆಬೆನ್ನಿನ ಮೇಲೆ. ಎಡಗೈ ಒಂದೇ. ಬಲಗೈ ಮುಟ್ಟೋದೇ ಇಲ್ಲ.

ಫೋನು ಮಾಡಿದಳು. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತು ಹೆಣ್ಣು ದನಿ. ಇನ್ನೊಮ್ಮೆ ಮಾಡಿದಳು. ಅದೇ ದನಿ, ಅದೇ ನಯ. ‘ನಿನ್ನ ಬಾಯಿಗೆ ಮಣ್ಣು ಹಾಕ!’ ಅಂತ ಬೈದು, ಎದುರುಮನೆ ದೊಡ್ಡಯ್ಯನ ಲಗೇಜ್ ಆಟೋ ಬಡಿದಳು. ದೊಡ್ಡಯ್ಯ ಹಲ್ಲುಜ್ಜುತ್ತಿದ್ದವನು ಬ್ರಷ್ಷಿನ ಸಮೇತ ಬಂದ.

‘ಕೋಡಿಬಂಡೆಗೆ ಬಿಡು ದೊಡ್ಡಯ್ಯ, ಈಗಲೇ! ಒಬ್ರ ಪ್ರಾಣ ಹೋಗುತ್ತೆ!’

‘ಯಾರ್ದವ್ವಾ?’

‘ಹತ್ತು ಮೊದ್ಲು!’

ಹಳೇ ಸೈಕಲ್ಲನ್ನು ಹಿಂದಕ್ಕೆ ಎಸೆದು ಹೊರಟರು. ಹದಿನೆಂಟು ಕಿಲೋಮೀಟರು. ದೊಡ್ಡಯ್ಯನ ಆಟೋ ನಲವತ್ತು ದಾಟಿದರೆ ನಡುಗುತ್ತಿತ್ತು, ಅವನು ಐವತ್ತಕ್ಕೆ ಒಯ್ದ. ದಾರಿಯಲ್ಲಿ ವಿಷಯ ಕೇಳಿ ‘ಅಲ್ಲ ಕಣವ್ವ, ಬಿರೇಕ್ನ ಎಡಬಲ ಮಾಡಿ ಕೊಟ್ಬುಟ್ರೆ ಎಂಗವ್ವ? ಅಪ್ಪೋರು ಇಂಗ್ ಯಾವತ್ತಾರ ಮಾಡಿದ್ರಾ?’ ಅಂದ. ಸಮತಾಗೆ ಚುಚ್ಚುತ್ತಿದ್ದದ್ದೂ ಅದೇ ಮಾತು. ‘ಓಗ್ಲಿ ಬುಡಿ, ಸಿಕ್ತಾರೆ ಕಣ್ರವ್ವ, ಎದುರ್ಕಬ್ಯಾಡಿ’ ಅಂತ ಆಮೇಲೆ ಅವನೇ ಸಮಾಧಾನ ಮಾಡಿದ.

ಗುಡ್ಡದ ಬುಡದಲ್ಲಿ ಕಾರು ನಿಂತಿತ್ತು. ಬಾನೆಟ್ ಮುಟ್ಟಿದಳು, ತಣ್ಣಗಿತ್ತು. ಗಂಟೆ ಎಂಟು. ಮೂಡಣ ಕಡೆಗೆ ಸುತ್ತಿ ಹೋಗಲು ಕೆಟ್ಟ ರಸ್ತೆ, ಅರ್ಧ ಗಂಟೆ. ಹತ್ತುವುದೊಂದೇ ದಾರಿ.

ಹತ್ತಿದಳು. ಸಣ್ಣ ಗೇರಿಗೆ ಹಾಕಿ, ಸೀಟಿನ ತುದಿಗೆ ಸರಿದು, ಉಸಿರು ಬಿಡದೆ ತುಳಿದಳು. ದೂಳಿನಲ್ಲಿ ವೇದವತಿಯವರ ಟೈರಿನ ಗುರುತು, ಪಕ್ಕದಲ್ಲಿ ಹೆಜ್ಜೆ ಗುರುತು. ತಳ್ಳಿಕೊಂಡು ಹೋಗಿದ್ದಾರೆ, ಪುಣ್ಯ. ಒಂದು ಕಡೆ ಕಡಲೆಕಾಯಿ ಸಿಪ್ಪೆ ಬಿದ್ದಿತ್ತು. ಕೂತು ತಿಂದಿದ್ದಾರೆ, ಇನ್ನೂ ಪುಣ್ಯ. ಇನ್ನೊಂದು ಹಿಡಿ ತಿನ್ನಬಾರದಿತ್ತೇ ಈ ಮಹಾರಾಯಿತಿ! ಎದೆ ಒಡೆಯುವಂತೆ ಬಡಿಯುತ್ತಿತ್ತು. ನೀರು ತರಲೂ ಮರೆತಿದ್ದಳು.

ನೆತ್ತಿ ತಲುಪಿದಾಗ ಕಾಣಿಸಿದರು. ಕೆಳಗೆ, ಲಂಟಾನ ಪೊದೆಗಳ ನಡುವೆ ಹಾವಿನಂತೆ ಹೊರಳುವ ಮಣ್ಣುದಾರಿಯಲ್ಲಿ, ಕೆಂಪು ಹೆಲ್ಮೆಟ್. ಬ್ರೇಕಿನ ಬದಲು ಕಾಲನ್ನೇ ನೆಲಕ್ಕೆ ತಾಗಿಸಿ ತಡೆಯುತ್ತ, ನಡೆದಷ್ಟೇ ನಿಧಾನವಾಗಿ ಹೋಗುತ್ತಿದ್ದರು. ಇನ್ನು ನಾಲ್ಕು ತಿರುವು, ಆಮೇಲೆ ಆನೆಬೆನ್ನು.

‘ಮೇಡಂ! ನಿಲ್ಲೀ! ವೇದವತಿ ಮೇಡಂ!’

ಗಾಳಿ ಎದುರಿಗೆ ಬೀಸುತ್ತಿತ್ತು, ಕೂಗು ಅವಳ ಕಿವಿಗೇ ವಾಪಸು ಬಂತು. ತಿರುವು ಹಿಡಿದು ಹೋದರೆ ಆಗುವುದಿಲ್ಲ. ತಿರುವುಗಳನ್ನೆಲ್ಲ ಕತ್ತರಿಸಿಕೊಂಡು ಮಳೆನೀರಿನ ಕೊರಕಲೊಂದು ನೇರ ಕೆಳಗಿಳಿದಿತ್ತು. ಹಳೇ ಸೈಕಲ್ಲಿಗೆ ಹಿಂದೆ ಸಸ್ಪೆನ್ಷನ್ ಇಲ್ಲ, ಟೈರು ಸವೆದಿದೆ. ಅದರಲ್ಲಿ ಈ ಕೊರಕಲು ಇಳಿಯುತ್ತೇನೆ ಅಂತ ಗಿರಾಕಿ ಯಾರಾದರೂ ಹೇಳಿದ್ದರೆ ಸಮತಾ ಕೈಮುಗಿದು ಕಳಿಸುತ್ತಿದ್ದಳು.

ಇಳಿದಳು. ಸೊಂಟ ಹಿಂದಕ್ಕೆ ಹಾಕಿ, ‘ಎಡಗೈ ಹಿಂದೆ, ಬಲಗೈ ಮುಂದೆ’ ಅಂತ ಬಾಯಲ್ಲೇ ಜಪಿಸುತ್ತ ಇಳಿದಳು. ಈ ಸೈಕಲ್ಲಿಗೆ ಇದೇ ಸರಿ. ಎಡಗೈ ಹಿಂದೆ, ಬಲಗೈ ಮುಂದೆ. ಮೊದಲ ತಿರುವು ದಾಟಿತು. ಎರಡನೆಯದು. ಕಲ್ಲು ಸಿಡಿದವು, ಹಲ್ಲು ಕಟಕಟಿಸಿದವು. ಮೂರನೆಯದು. ಕೆಂಪು ಹೆಲ್ಮೆಟ್ ಈಗ ಐವತ್ತು ಮಾರು ದೂರ, ಬಂಡೆಯ ಅಂಚಿಗೆ ಬಂದು ನಿಂತಿದೆ, ಪೆಡಲಿಗೆ ಕಾಲಿಡುತ್ತಿದೆ.

ಆಗ ಪೊದೆಯಿಂದ ಗೌಜಲಕ್ಕಿಯ ಹಿಂಡು ಬುರ್ರನೆ ಚಕ್ರದ ಮುಂದೆಯೇ ಎದ್ದಿತು. ಒಂದು ಮರಿ ಏಳಲಾರದೆ ಕೊರಕಲಿನ ನಡುವೆ ಕೂತುಬಿಟ್ಟಿತು. ಇರುವೆ ಸಾಲು ಕಂಡರೂ ದಾಟಿ ನಡೆಯಬೇಕೆಂದು ಕಲಿತು ಬೆಳೆದ ಹುಡುಗಿ. ಜಪ ಬಾಯಲ್ಲೇ ಉಳಿಯಿತು. ತಿಂಗಳಿಂದ ಪಳಗಿದ್ದ ಬಲಗೈ ತನಗೆ ಗೊತ್ತಿದ್ದನ್ನು ಮಾಡಿತು, ಬಿಗಿಯಾಗಿ ಹಿಡಿಯಿತು.

ಆಕಾಶ ಒಮ್ಮೆ ಕೆಳಗೆ ಬಂತು. ಭುಜ ಕಲ್ಲಿಗೆ ಬಡಿದ ಸದ್ದು ಅವಳಿಗೇ ಕೇಳಿಸಿತು. ಅವಳ ಹಿಂದೆಯೇ ಸೈಕಲ್ಲು ಉರುಳಿ, ಡಬ್ಬಗಳ ರಾಶಿ ಬಿದ್ದ ಹಾಗೆ ಸದ್ದು ಮಾಡುತ್ತ ಬಂಡೆಯವರೆಗೂ ಹೋಯಿತು. ಕೂಗಿಗೆ ತಿರುಗದ ವೇದವತಿ ಆ ಸದ್ದಿಗೆ ತಿರುಗಿದರು.

‘ಅಯ್ಯಯ್ಯೋ! ಸಮತಾ? ನೀನು ಇಲ್ಲಿ ಹೇಗಮ್ಮಾ?’

ಓಡಿ ಬಂದರು. ಸಮತಾ ಎದ್ದು ಕೂರಲು ನೋಡಿದಳು, ಬಲ ಭುಜ ಬೆಂಕಿಯಾಗಿ ಉರಿಯಿತು. ‘ಸೈಕಲ್ ಎಲ್ಲಿ ಮೇಡಂ?’

‘ಅಲ್ಲೇ ಮಲಗಿಸಿ ಬಂದೆ. ಇನ್ನೇನು ಇಳಿಯೋಳಿದ್ದೆ, ಅಷ್ಟರಲ್ಲಿ ನೀನು...’

ಸಮತಾಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಹೇಳಿದಳು. ‘ತಪ್ಪಾಗಿದೆ ಮೇಡಂ. ಅದರಲ್ಲಿ ಎಡಗೈ ಮುಂದಿನ ಬ್ರೇಕು. ನನಗೆ ಗೊತ್ತಿತ್ತು. ಹೇಳೋದು ಮರೆತೆ. ಗುಡಿಯವರೆಗೂ ಕಳಿಸಲಿಲ್ಲ.’

ವೇದವತಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಹೋಗಿ ಸೈಕಲ್ಲನ್ನು ಎಬ್ಬಿಸಿ, ಸಮವಾಗಿದ್ದ ಕಡೆ ತಳ್ಳಿಕೊಂಡು ನಡೆದು, ಎಡಗೈ ಒತ್ತಿದರು. ಹಿಂದಿನ ಚಕ್ರ ಮೇಲೆದ್ದು ಹ್ಯಾಂಡಲ್ಲು ಅವರ ಹೊಟ್ಟೆಗೆ ಗುದ್ದಿತು. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಎದ್ದಿತು. ತಿರುಗಿ ಆನೆಬೆನ್ನನ್ನೂ ಕೆಳಗಿನ ಕಲ್ಲಿನ ರಾಶಿಯನ್ನೂ ನೋಡಿದರು. ಮುಖ ಬಿಳಿಚಿಕೊಂಡಿತು. ಆಮೇಲೆ ಕೋಪ ಬಂತು.

‘ಹೇಳಿದ್ನಲ್ಲ ನಾನು! ಎಡಗೈ ಒಂದೇ ಗೊತ್ತಿರೋದು ಅಂತ ಬಾಯಿಬಿಟ್ಟು ಹೇಳಿದ್ನಲ್ಲ! ನಗ್ತಾ ನಿಂತಿದ್ಯಲ್ಲೇ ನೀನು! ನಾನು ಸತ್ತಿದ್ರೆ ಏನು ಮಾಡ್ತಿದ್ದೆ?’

‘ಗೊತ್ತಿಲ್ಲ ಮೇಡಂ,’ ಎಂದಳು ಸಮತಾ.

ವೇದವತಿ ಬೈಯುತ್ತಲೇ ಕುತ್ತಿಗೆಯ ಟವೆಲ್ ಬಿಚ್ಚಿ ಅವಳ ಕೈಯನ್ನು ಎದೆಗೆ ಕಟ್ಟಿದರು. ಬೈಯುತ್ತಲೇ ನೀರು ಕುಡಿಸಿದರು.

ಬಲಗಡೆಯ ಕಾಲರ್ ಮೂಳೆ ಮುರಿದಿತ್ತು. ದೊಡ್ಡಯ್ಯನ ಆಟೋದಲ್ಲೇ ಹಾಸನಕ್ಕೆ ಹೋಗಿ ಪಟ್ಟಿ ಕಟ್ಟಿಸಿದ್ದಾಯಿತು. ಮನೆಯಲ್ಲಿ ಸಮತಾ ಒಂದನ್ನೂ ಮುಚ್ಚಿಡದೆ ಹೇಳಿದಳು. ಪದ್ಮರಾಜಯ್ಯನವರು ಎಲ್ಲ ಕೇಳಿ ‘ಹೂಂ’ ಅಂದವರು, ಆರು ದಿನ ಮಗಳ ಜೊತೆ ಮಾತೇ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭುಜದ ನೋವಿಗಿಂತ ಹೆಚ್ಚಾಗಿ ಅದೇ ಅವಳ ನಿದ್ದೆ ಕೆಡಿಸಿತು.

ಶನಿವಾರ ಸಂಜೆ ವೇದವತಿ ಸೈಕಲ್ ಸಮೇತ ಅಂಗಡಿಗೆ ಬಂದರು. ವಾಪಸು ಕೊಡಲು ಬಂದಿದ್ದಾರೆ ಅಂದುಕೊಂಡಳು ಸಮತಾ. ‘ವಾಪಸ್ ಯಾಕೆ? ಎಡಗೈ ಬ್ರೇಕನ್ನ ಹಿಂದಿನ ಚಕ್ರಕ್ಕೆ ಮಾಡಿಕೊಡು. ಆ ಬಂಡೆ ನಾನು ಇಳೀಲೇಬೇಕು,’ ಎಂದರು. ಸಮತಾ ಪಟ್ಟಿ ಕಟ್ಟಿದ ಕೈಯನ್ನು ತೋರಿಸಿದಳು.

ಆಗ ಬಾಗಿಲಲ್ಲಿ ದೊಡ್ಡಯ್ಯನ ಆಟೋ ನಿಂತಿತು. ಎರಡು ವರ್ಷದಿಂದ ಅಂಗಡಿಗೆ ಬಾರದಿದ್ದ ಪದ್ಮರಾಜಯ್ಯನವರು ಕೋಲೂರಿಕೊಂಡು ಇಳಿದರು. ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸಿಕೊಂಡು, ‘ಎಣ್ಣೆ ಬ್ರೇಕು ನನಗೆ ಗೊತ್ತಿಲ್ಲ. ನೀನು ಹೇಳು, ನಾನು ಬಿಚ್ತೀನಿ,’ ಎಂದರು. ಆರು ದಿನದ ಮೇಲೆ ಮಗಳಿಗೆ ಆಡಿದ ಮೊದಲ ಮಾತು.

ಅವಳು ಹೇಳಿದಳು, ಅವರು ಬಿಚ್ಚಿದರು. ಮುದಿಬೆರಳು, ಸಣ್ಣ ತಿರುಪು, ಹೊತ್ತು ಹಿಡಿಯಿತು. ಬಿಸಿಲು ಷಟರಿನ ಮೇಲಿಂದ ಎದುರುಗೋಡೆಗೆ ಹತ್ತಿ ಮೆಲ್ಲಗೆ ಜಾರಿತು. ಫೋನು ಬಡಿದುಕೊಂಡಿತು. ಪದ್ಮರಾಜಯ್ಯನವರೇ ಎತ್ತಿದರು. ‘ನೀನು ಉಂಡುಬಿಡೇ. ನಮಗಿನ್ನೂ ಕೆಲಸ ಇದೆ.’

‘ನೀವಾದ್ರೂ ಹೋಗಿ ಅಪ್ಪಾ,’ ಎಂದಳು ಸಮತಾ. ಅವರು ಮುಂದಿನ ತಿರುಪಿಗೆ ಕೈಹಾಕಿದರು.

ಕೊನೆಯ ತಿರುಪು ಬಿಗಿಯುವ ಹೊತ್ತಿಗೆ ಬೀದಿದೀಪ ಹತ್ತಿದ್ದವು. ವೇದವತಿ ಸೈಕಲ್ ಹತ್ತಿ ಗಣಪತಿ ಗುಡಿಯವರೆಗೆ ಹೋದರು. ಬ್ರೇಕು ಒತ್ತಿದರು, ನಿಂತರು, ಮತ್ತೆ ಒತ್ತಿದರು, ತಿರುಗಿ ಬಂದರು. ಅಪ್ಪ ಮಗಳು ಇಬ್ಬರೂ ಮೆಟ್ಟಿಲ ಮೇಲೆ ನಿಂತು ಅವರ ಬಾಯನ್ನೇ ನೋಡುತ್ತಿದ್ದರು.

‘ಸರಿಯಿದೆ,’ ಎಂದರು ವೇದವತಿ.

ಪದ್ಮರಾಜಯ್ಯನವರು ಕೈ ಒರೆಸಿಕೊಂಡು ಷಟರಿನ ಬೀಗ ಮಗಳ ಎಡಗೈಗೆ ಕೊಟ್ಟರು. ಮನೆಗೆ ಬಂದರೆ ಪದ್ಮಾವತಮ್ಮ ಮುಚ್ಚಿದ ಪಾತ್ರೆಗಳ ಮುಂದೆ ಕೂತಿದ್ದರು, ಅವರೂ ಉಂಡಿರಲಿಲ್ಲ. ಆ ರಾತ್ರಿ ಮೂರು ಜನವೂ ಹಸಿದು ಮಲಗಿದರು, ಸಮತಾ ವಾರದ ಮೇಲೆ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದಳು.